ಕಿಡ್ನಿ ಮತ್ತು ಮೂತ್ರ: ಗದಗದ ನಮ್ಮ ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗದಗದಲ್ಲಿ ಲ್ಯಾಬ್ ಟೆಕ್ನೀಷಿಯನ್. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ಮೊದಲ ಬಸ್ಸಿಗೆ ಬಂದವರು ಆಗಲೇ ಕಟ್ಟೆಯ ಮೇಲೆ ಕೂತಿರುತ್ತಾರೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಕಿಟಕಿಯಲ್ಲಿ ತಲೆ ತೂರಿಸಿ "ಏನ್ ಬಂದೈತ್ರೀ ಸರ?" ಅನ್ನುತ್ತಾರೆ. ಅದನ್ನು ಹೇಳುವುದು ಡಾಕ್ಟರ ಕೆಲಸ. ಆದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತದೆ, ರಿಪೋರ್ಟಿನ ಆ ಪದಗಳು ಏನು ಎಂದು ಹೇಳಲು ನನಗೆ ಅಡ್ಡಿಯಿಲ್ಲ. ಕೇಳಿ ಕೇಳಿ ಬಾಯಿಪಾಠವಾದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಕಿಡ್ನಿ ಎಲ್ಲಿರುತ್ತದೆ? ನನ್ನ ನಡುನೋವು ಕಿಡ್ನಿಯದ್ದೇ ಇರಬಹುದಾ?

ಬಹಳಷ್ಟು ಸಲ ಅಲ್ಲ. "ಇಲ್ಲೇ ನೋಡ್ರಿ ಕಿಡ್ನಿ ನೋವು" ಎಂದು ಜನ ಕೈ ಇಡುವುದು ಧೋತರದ ಗಂಟು ಬರುವ ಜಾಗದಲ್ಲಿ. ಕಿಡ್ನಿ ಅದಕ್ಕಿಂತ ಮೇಲಿದೆ. ಬೆನ್ನ ಕಡೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಬೆನ್ನೆಲುಬಿನ ಆಚೆಗೊಂದು ಈಚೆಗೊಂದು. ಬಲಗಡೆಯದು ಸ್ವಲ್ಪ ಕೆಳಗಿರುತ್ತದೆ, ಅದರ ಮೇಲೆ ಲಿವರ್ ಕೂತಿದೆಯಲ್ಲ, ಅದಕ್ಕೆ. ಆಕಾರ ಅಲಸಂದಿ ಕಾಳಿನದು, ಗಾತ್ರ ನಿಮ್ಮ ಮುಷ್ಟಿಯಷ್ಟು. ಉದ್ದ 10ರಿಂದ 12 ಸೆಂಟಿಮೀಟರ್, ತೂಕ 150 ಗ್ರಾಂ ಆಸುಪಾಸು.

ಬಗ್ಗಿ ಎದ್ದರೆ ಜಾಸ್ತಿಯಾಗಿ, ಮಲಗಿದರೆ ಕಡಿಮೆಯಾಗುವ ನೋವು ಸಾಮಾನ್ಯವಾಗಿ ಸ್ನಾಯುವಿನದು, ಇಲ್ಲವೇ ಬೆನ್ನಿನದು. ಹರಳು ಸಿಕ್ಕಿಕೊಂಡಾಗ, ಸೋಂಕು ಮೇಲೇರಿದಾಗ ಕಿಡ್ನಿ ನೋಯುತ್ತದೆ, ನಿಜ. ಆದರೆ ಶುಗರ್, ಬಿಪಿಯಿಂದ ನಿಧಾನವಾಗಿ ಹಾಳಾಗುವ ಕಿಡ್ನಿ ನೋಯುವುದೇ ಇಲ್ಲ. ಫಜೀತಿ ಇರುವುದೇ ಇಲ್ಲಿ.

ಕಿಡ್ನಿ ಅಂದ್ರೆ ಒಂದು ಜರಡಿ, ಕಸ ಸೋಸುತ್ತದೆ. ಇಷ್ಟೇ ಅಲ್ವಾ?

ಜರಡಿ ಇರುವುದು ನಿಜ, ಆದರೆ ಅದು ಅರ್ಧ ಕತೆ. ಮಹಾನವಮಿಗೆ ಮುಂಚೆ ನಮ್ಮ ಕಡೆ ಮನೆ ತೊಳೆಯುವುದನ್ನು ನೆನಪಿಸಿಕೊಳ್ಳಿ. ಕಸ ಎಲ್ಲಿದೆ ಎಂದು ಮೂಲೆ ಮೂಲೆ ಹುಡುಕುತ್ತ ಕೂರುವುದಿಲ್ಲ. ಹಾಸಿಗೆ, ಕೌದಿ, ಡಬ್ಬಿ, ಹಿತ್ತಾಳೆ ಕೊಡ, ಎಲ್ಲವೂ ಅಂಗಳಕ್ಕೆ ಬರುತ್ತವೆ. ಆಮೇಲೆ ಬೇಕಾದ್ದನ್ನು ಒಂದೊಂದೇ ಒಳಗೆ ಒಯ್ಯುತ್ತೇವೆ. ಅಂಗಳದಲ್ಲಿ ಉಳಿದದ್ದು ತಿಪ್ಪೆಗೆ. ಕಿಡ್ನಿ ಮಾಡುವುದು ಇದನ್ನೇ, ವರ್ಷಕ್ಕೊಮ್ಮೆ ಅಲ್ಲ, ಹಗಲೂ ರಾತ್ರಿ.

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ಒಂದೊಂದು ನೆಫ್ರಾನ್‌ನ ತಲೆಯಲ್ಲೂ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಸಣ್ಣ ಸಿಂಬಿ ಇದೆ. ರಕ್ತದ ಒತ್ತಡಕ್ಕೆ ಅಲ್ಲಿಂದ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲ ಒಟ್ಟಿಗೇ ಹೊರಬೀಳುತ್ತವೆ. ಕೆಂಪು ರಕ್ತಕಣ ಮತ್ತು ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನು ಮಾತ್ರ ದಾಟಲಾರದೆ ರಕ್ತದಲ್ಲೇ ಉಳಿಯುತ್ತವೆ. ಹೀಗೆ ಹೊರಬಿದ್ದದ್ದು ಒಂದು ಡೊಂಕು ಕೊಳವೆಯಲ್ಲಿ ಸಾಗುತ್ತದೆ. ಆ ಕೊಳವೆಯ ಗೋಡೆ ಸಕ್ಕರೆಯನ್ನು ಪೂರ್ತಿ, ನೀರು ಮತ್ತು ಉಪ್ಪನ್ನು ಬಹುಪಾಲು ರಕ್ತಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ಪೊಟ್ಯಾಸಿಯಂ, ಆಮ್ಲ, ಕೆಲವು ಔಷಧಿಗಳನ್ನು ಇನ್ನಷ್ಟು ಹೊರಗೆ ತಳ್ಳುವ ಕೆಲಸವೂ ಅಲ್ಲೇ ನಡೆಯುತ್ತದೆ.

ಲೆಕ್ಕ ಕೇಳಿದರೆ ನೀವು ನಂಬಲಿಕ್ಕಿಲ್ಲ. ದಿನಕ್ಕೆ ಹೀಗೆ ಹೊರಬೀಳುವುದು ಸುಮಾರು 180 ಲೀಟರ್. ನೀರಿನ ಘಟಕದಿಂದ ತರುವ 20 ಲೀಟರಿನ ಕ್ಯಾನ್ ಇದೆಯಲ್ಲ, ಅಂಥ ಒಂಬತ್ತು. ಮೂತ್ರವಾಗಿ ಹೋಗುವುದು ಒಂದೂವರೆ ಎರಡು ಲೀಟರ್ ಮಾತ್ರ. ಮಿಕ್ಕದ್ದೆಲ್ಲ ವಾಪಸ್. ಮೈಯಲ್ಲಿ ರಕ್ತದ ತಿಳಿನೀರು ಇರುವುದೇ ಮೂರು ಲೀಟರ್ ಆದ್ದರಿಂದ, ಅದೇ ನೀರು ದಿನಕ್ಕೆ 60 ಸಲ ಅಂಗಳ ಕಂಡು ಬಂದಂತಾಯಿತು.

ಇಷ್ಟೊಂದು ದುಡಿಮೆ ಯಾಕೆ ಎಂದು ನನಗೂ ಮೊದಲು ಅನಿಸುತ್ತಿತ್ತು. ಯೋಚಿಸಿದರೆ ಇದರಲ್ಲಿ ಜಾಣತನವಿದೆ. ಕಸವನ್ನು ಗುರುತಿಸಿ ಹೊರಹಾಕಬೇಕು ಎಂದಿದ್ದರೆ ಪ್ರತಿ ಹೊಸ ಕಸಕ್ಕೂ ಒಂದು ಹೊಸ ಬಾಗಿಲು ಬೇಕಾಗುತ್ತಿತ್ತು. ಈಗ ಹಾಗಿಲ್ಲ. ನಿನ್ನೆ ಕಂಡುಹಿಡಿದ ಗುಳಿಗೆಯಾದರೂ ಸರಿ, ಯಾರೂ ಒಳಗೆ ಕರೆಯದಿದ್ದರೆ ತಾನೇ ಹೋಗುತ್ತದೆ. ತಿಪ್ಪೆಗೆ ಹೋಗಲು ಪಾಸ್ ಬೇಕಿಲ್ಲ, ಒಳಗೆ ಬರಲು ಬೇಕು.

ಈ ಒಂದು ವಿಷಯ ತಲೆಗೆ ಹೋದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ದಿನಕ್ಕೆ ಎಷ್ಟು ನೀರು ಕುಡೀಬೇಕ್ರಿ? ಐದು ಲೀಟರ್ ಅಂತಾರಲ್ಲ?

ಎಲ್ಲರಿಗೂ ಐದು ಲೀಟರ್ ಎಂಬ ನಿಯಮ ಎಲ್ಲೂ ಇಲ್ಲ. ಎಸಿ ಕೋಣೆಯಲ್ಲಿ ಕೂತವರಿಗೂ, ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ದುಡಿಯುವವರಿಗೂ ಒಂದೇ ಲೆಕ್ಕ ಹೇಗಾದೀತು?

ನೀರು ಕಡಿಮೆಯಾದರೆ ಮಿದುಳಿನ ಬುಡದಿಂದ ಒಂದು ಹಾರ್ಮೋನು ಬರುತ್ತದೆ. "ನೀರು ಬಿಡಬೇಡ, ವಾಪಸ್ ಕಳಿಸು" ಎಂದು ಕಿಡ್ನಿಗೆ ಹೇಳುವುದೇ ಅದರ ಕೆಲಸ. ಆಗ ಮೂತ್ರ ಸ್ವಲ್ಪವೇ, ಗಟ್ಟಿ ಹಳದಿ. ನೀರು ಜಾಸ್ತಿ ಕುಡಿದರೆ ಆ ಹಾರ್ಮೋನು ಸುಮ್ಮನಾಗುತ್ತದೆ, ಮೂತ್ರ ತಿಳಿಯಾಗುತ್ತದೆ. ಅಂದರೆ ಅಳತೆಗೋಲು ನಿಮ್ಮ ಬಚ್ಚಲಲ್ಲೇ ಇದೆ. ತಿಳಿ ಹಳದಿ ಇದ್ದರೆ ಸಾಕು. ಚಹಾದ ಬಣ್ಣಕ್ಕೆ ತಿರುಗಿದರೆ ಕುಡಿಯಿರಿ. ಸುಣ್ಣದ ತಿಳಿಯಂತೆ ಬಣ್ಣವೇ ಇಲ್ಲದಿದ್ದರೆ ಅಷ್ಟು ಕುಡಿಯುವ ಅಗತ್ಯವಿಲ್ಲ. ಮಜ್ಜಿಗೆ, ಅಂಬಲಿ, ಸಾರು ಎಲ್ಲ ನೀರಿನ ಲೆಕ್ಕಕ್ಕೇ ಬರುತ್ತವೆ.

ಹೃದಯದ ತೊಂದರೆ ಇದ್ದವರು, ಕಿಡ್ನಿ ಸೋತವರು ಮಾತ್ರ ಡಾಕ್ಟರು ಹೇಳಿದ ಅಳತೆಯಲ್ಲೇ ಇರಬೇಕು. "ಕಿಡ್ನಿಗೆ ನೀರು ಒಳ್ಳೆಯದು" ಎಂದು ಅಂಥವರಿಗೆ ತಂಬಿಗೆ ತುಂಬಿ ಕುಡಿಸಿದರೆ ಉಸಿರು ಕಟ್ಟುವ ಮಟ್ಟಕ್ಕೆ ಹೋಗಬಹುದು.

ಮೂತ್ರ ಕಿಡ್ನಿಯಿಂದ ಕೆಳಗೆ ಬರುವುದು ಹೇಗೆ? ಸುಮ್ನೆ ಸೋರುತ್ತದಾ?

ಸೋರುವುದಿಲ್ಲ. ಪ್ರತಿ ಕಿಡ್ನಿಯಿಂದ 25ರಿಂದ 30 ಸೆಂಟಿಮೀಟರ್ ಉದ್ದದ ನಾಳ ಇಳಿಯುತ್ತದೆ. ಅದರೊಳಗಿನ ಬಾಯಿ ಮೂರ್ನಾಲ್ಕು ಮಿಲಿಮೀಟರ್. ಎಮ್ಮೆ ಹಿಂಡುವಾಗ ಬೆರಳು ಮೇಲಿನಿಂದ ಕೆಳಗೆ ಒತ್ತುತ್ತ ಬರುತ್ತದಲ್ಲ, ಹಾಗೆ ಅದರ ಗೋಡೆ ನಿಮಿಷಕ್ಕೆ ಕೆಲವು ಸಲ ಒತ್ತಿ ಒತ್ತಿ ಇಳಿಸುತ್ತದೆ. ಹಾಗಾಗಿ ನೀವು ಮಲಗಿದರೂ ಮೂತ್ರ ಚೀಲಕ್ಕೇ ಬರುತ್ತದೆ.

ತಡೆದು ಇಟ್ಟುಕೊಂಡರೆ ಕಿಡ್ನಿಗೆ ವಾಪಸ್ ಹೋಗುತ್ತದಾ?

ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಹೋಗುವುದಿಲ್ಲ. ನಾಳ ಚೀಲದ ಗೋಡೆಯೊಳಗೆ ನೇರವಾಗಿ ಅಲ್ಲ, ಓರೆಯಾಗಿ ನುಗ್ಗುತ್ತದೆ. ಚೀಲ ತುಂಬಿದಷ್ಟೂ ಆ ಓರೆ ದಾರಿ ಅದುಮಿ ಮುಚ್ಚಿಕೊಳ್ಳುತ್ತದೆ. ಬೇರೆ ಬಿರಡೆಯೇ ಬೇಕಾಗಿಲ್ಲ.

150ರಿಂದ 200 ಮಿಲಿಲೀಟರ್ ಆದಾಗ ಚೀಲ ಮೊದಲ ಸಲ ಎಚ್ಚರಿಸುತ್ತದೆ. 400ರಿಂದ 500 ಆದರೆ ಕೂರಲು ಬಿಡುವುದಿಲ್ಲ. ಅಪರೂಪಕ್ಕೆ ತಡೆದರೆ ಏನೂ ಆಗದು. ದಿನವೂ ತಡೆಯುವುದೇ ರೂಢಿಯಾದರೆ ಸೋಂಕು ಹತ್ತಬಹುದು. ಯಾರು ತಡೆಯುತ್ತಾರೆ ಎಂದು ಇಲ್ಲಿ ಕೂತೇ ಹೇಳಬಲ್ಲೆ: ಬಸ್ ಓಡಿಸುವವರು, ಮಗ್ಗದಲ್ಲಿ ಕೂತ ಬೆಟಗೇರಿಯ ನೇಕಾರರು, ಸಂತೆಯಲ್ಲಿ ಕಾಯಿಪಲ್ಯ ಮಾರುವ ಹೆಂಗಸರು, ಶಾಲೆಯ ಹುಡುಗಿಯರು. ಸಂತೆಯ ಹೆಂಗಸರದ್ದು ಇನ್ನೂ ಕಷ್ಟ. ಹೋಗಲು ಜಾಗವಿಲ್ಲ ಎಂದು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಹಾಗೆ ಮಾಡಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಬೇಕಿರುವುದು ಬುದ್ಧಿಮಾತಲ್ಲ, ಬಾಗಿಲಿರುವ ಒಂದು ಶೌಚಾಲಯ.

ಉರಿಮೂತ್ರ ಹೆಂಗಸರಿಗೇ ಯಾಕೆ ಜಾಸ್ತಿ? ಖಾರ ತಿಂದಿದ್ದಕ್ಕಾ, ಉಷ್ಣಕ್ಕಾ?

ಕಾರಣ ಅಳತೆಯಲ್ಲಿದೆ. ಚೀಲದಿಂದ ಹೊರಬರುವ ದಾರಿ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ 20. ಸೋಂಕು ತರುವ ಬ್ಯಾಕ್ಟೀರಿಯಾ ಬಹುತೇಕ ನಮ್ಮ ಕರುಳಿನದ್ದೇ. ಅದಕ್ಕೆ ನಡೆಯಬೇಕಾದ ದಾರಿ ಅಲ್ಲಿ ಗೇಣೂ ಇಲ್ಲ.

ಬ್ಯಾಡಗಿ ಮೆಣಸಿನಕಾಯಿ ಸೋಂಕು ತರುವುದಿಲ್ಲ. ಖಾರ ಕೆಲವರ ಚೀಲಕ್ಕೆ ಸ್ವಲ್ಪ ಕಿರಿಕಿರಿ ಮಾಡಬಹುದು, ಅಷ್ಟೇ. ಬಿಸಿಲಲ್ಲಿ ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗಲೂ ಉರಿಯುತ್ತದೆ. ಹಿರಿಯರು ಉಷ್ಣ ಎಂದು ಎಳನೀರು ಕುಡಿಸಿದರೆ ಅದು ಕಡಿಮೆಯಾಗುವುದೂ ಇದೇ ಕಾರಣಕ್ಕೆ. ಆದರೆ ಪದೇ ಪದೇ ಅವಸರ, ಹೋದರೆ ನಾಲ್ಕೇ ಹನಿ, ಕೆಟ್ಟ ವಾಸನೆ, ಹೊಟ್ಟೆಯ ಕೆಳಗೆ ನೋವು ಇದ್ದರೆ ಅದು ಸೋಂಕು. ಚಳಿ ಜ್ವರ, ಬೆನ್ನ ಮೇಲ್ಭಾಗದ ನೋವು, ವಾಂತಿ ಸೇರಿದರೆ ಸೋಂಕು ಕಿಡ್ನಿಗೆ ಏರಿದೆ. ಅವತ್ತೇ ಆಸ್ಪತ್ರೆಗೆ ಹೋಗಿ. ಬಸುರಿಯರಂತೂ ಸಣ್ಣ ಉರಿ ಎಂದು ಸುಮ್ಮನಿರಬಾರದು.

ಇನ್ನೊಂದು ಮಾತು. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಎರಡು ಗುಳಿಗೆ ನುಂಗಿ ಆಮೇಲೆ ಕಲ್ಚರ್, ಅಂದರೆ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್, ಮಾಡಿಸಲು ಬರುತ್ತಾರೆ. ಆಗ ಪ್ಲೇಟಿನಲ್ಲಿ ಏನೂ ಬೆಳೆಯುವುದಿಲ್ಲ, ಒಳಗೆ ಮಾತ್ರ ರೋಗ ಇದ್ದೇ ಇರುತ್ತದೆ. ಮೊದಲು ಸ್ಯಾಂಪಲ್ ಕೊಡಿ, ಆಮೇಲೆ ಗುಳಿಗೆ.

ಮೂತ್ರ ಕೆಂಪಾಗಿದೆ. ಏನು ಮಾಡಲಿ?

ನಿನ್ನೆ ಬೀಟ್‌ರೂಟ್ ತಿಂದಿರಾ? ಕೆಲವರಲ್ಲಿ ಅದರ ಬಣ್ಣ ಹಾಗೇ ಇಳಿಯುತ್ತದೆ. ಟಿಬಿ ಗುಳಿಗೆ ರಿಫಾಂಪಿಸಿನ್ ತಗೊಂಡರೆ ಕಿತ್ತಳೆ, ಬಿ ವಿಟಮಿನ್ ತಗೊಂಡರೆ ಹೊಳೆಯುವ ಹಳದಿ. ಎರಡಕ್ಕೂ ಹೆದರಬೇಕಿಲ್ಲ. ಇದ್ಯಾವುದೂ ಇಲ್ಲದೆ ಕೆಂಪಾಗಿದ್ದರೆ, ಒಂದೇ ಸಲ ಆಗಿ ನಿಂತಿದ್ದರೂ, ನೋವು ಇಲ್ಲದಿದ್ದರೂ ತೋರಿಸಲೇಬೇಕು. ನಲವತ್ತು ದಾಟಿದ, ಬೀಡಿ ಸಿಗರೇಟಿನ ಚಟ ಇರುವವರಲ್ಲಿ ನೋವಿಲ್ಲದ ರಕ್ತ ಮೂತ್ರಚೀಲದ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು.

"ಮೂತ್ರದಾಗ ನೊರಿ ಬರಾಕತ್ತೈತ್ರಿ."

ಜೋರಾಗಿ ಬಿದ್ದರೆ ನೊರೆ ಬಂದೇ ಬರುತ್ತದೆ, ಕ್ಷಣದಲ್ಲಿ ಒಡೆಯುತ್ತದೆ. ಒಡೆಯದೆ, ಹಾಲು ಕರೆದಾಗಿನ ನೊರೆಯ ಹಾಗೆ ನಿಂತರೆ ಪ್ರೋಟೀನು ಹೋಗುತ್ತಿರಬಹುದು. ಮೇಲೆ ಹೇಳಿದ ಸಿಂಬಿಯ ಜರಡಿ ಹರಿದರೆ ಆಲ್ಬುಮಿನ್ ಅಂಗಳಕ್ಕೆ ಬೀಳುತ್ತದೆ. ಶುಗರ್ ಇರುವವರಲ್ಲಿ ಕಿಡ್ನಿ ಕೆಡುವುದರ ಬಹು ಮುಂಚಿನ ಗುರುತು ಇದು. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಏರುವ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಇದಕ್ಕೆ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಎಂಬ ಟೆಸ್ಟ್ ಇದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಶುಗರ್, ಬಿಪಿ ಇರುವವರು ವರ್ಷಕ್ಕೊಮ್ಮೆ ಮಾಡಿಸಬೇಕಾದದ್ದು ಇದೇ. ಜನ ಮಾಡಿಸದೇ ಬಿಡುವುದೂ ಇದನ್ನೇ.

ಆಲ್ಬುಮಿನ್ ಬಹಳ ಹೋದರೆ ರಕ್ತದಲ್ಲಿ ನೀರು ನಿಲ್ಲದೆ ಮೈಗೆ ಇಳಿಯುತ್ತದೆ. ಬೆಳಗ್ಗೆ ಎದ್ದಾಗ ಕಣ್ಣ ಸುತ್ತ ಬಾವು, ಸಂಜೆ ಕಾಲಲ್ಲಿ ಬಾವು. ಮಕ್ಕಳ ಮುಖ ಉಬ್ಬಿದ್ದರೆ "ಮೈ ತುಂಬಿಕೊಂಡಿದೆ" ಎಂದು ಖುಷಿಪಡುವ ಮೊದಲು ಒಮ್ಮೆ ಮೂತ್ರ ನೋಡಿಸಿ.

ಮೂತ್ರದಲ್ಲಿ ಸಕ್ಕರೆ ನಾಲ್ಕು ಪ್ಲಸ್ ಬಂದಿದೆ, ರಕ್ತದಲ್ಲಿ ಸರಿ ಇದೆ. ನಿಮ್ಮ ಮಷೀನು ಕೆಟ್ಟಿದೆಯಾ?

ಈ ಜಗಳ ವಾರಕ್ಕೊಂದಾದರೂ ಆಗುತ್ತದೆ. ಮೊದಲು ಗುಳಿಗೆಯ ಚೀಟಿ ತೋರಿಸಿ ಎನ್ನುತ್ತೇನೆ.

ಸಕ್ಕರೆಯನ್ನು ಕೊಳವೆ ಪೂರ್ತಿ ವಾಪಸ್ ತರುತ್ತದೆ ಎಂದೆನಲ್ಲ. ಆದರೆ ಹೊರುವ ಕೈಗಳಿಗೂ ಮಿತಿ ಇದೆ. ರಕ್ತದ ಸಕ್ಕರೆ 180ರ ಆಸುಪಾಸು ದಾಟಿದರೆ ಕೈ ಸಾಲದೆ ಉಳಿದದ್ದು ಮೂತ್ರಕ್ಕೆ ಹೋಗುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಶುಗರ್ ಏರಿದಾಗ ಮೇಲಿಂದ ಮೇಲೆ ಮೂತ್ರ, ಬಾಯಾರಿಕೆ ಬರುವುದು ಹೀಗೆ.

ಈಗಿನ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಗಳು ಆ ಹೊರುವ ಕೈಗಳನ್ನೇ ಬೇಕೆಂದು ಕಟ್ಟಿಹಾಕುತ್ತವೆ. ಸಕ್ಕರೆ ಮೂತ್ರದಲ್ಲಿ ಹೋಗಲಿ ಎಂಬುದೇ ಉದ್ದೇಶ. ಅಂಥವರ ಮೂತ್ರದಲ್ಲಿ ಸಕ್ಕರೆ ಇರಲೇಬೇಕು, ಇದ್ದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದರ್ಥ. ಇವು ಕಿಡ್ನಿಯನ್ನೂ ಕಾಯುತ್ತವೆ ಎಂದು ಗೊತ್ತಾಗಿರುವುದರಿಂದ ಶುಗರ್ ಇಲ್ಲದ ಕೆಲವು ಕಿಡ್ನಿ ರೋಗಿಗಳಿಗೂ ಬರೆಯುತ್ತಾರೆ. ಹೆದರಿ ನಿಲ್ಲಿಸಬೇಡಿ.

ಕ್ರಿಯಾಟಿನಿನ್ 1.2 ಬಂದಿದೆ. ನಾರ್ಮಲ್ ಅಲ್ವಾ?

ಯಾರಿಗೆ ಬಂದಿದೆ ಎಂಬುದರ ಮೇಲಿದೆ. ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ಬರುವ ಕಸ. ಗರಡಿಯಲ್ಲಿ ಸಾಮು ಮಾಡಿದ 28ರ ಪೈಲ್ವಾನನಿಗೆ 1.2 ಇರುವುದು ದೊಡ್ಡ ಮಾತಲ್ಲ. ಮೂಳೆ ಚಕ್ಕಳವಾದ 70ರ ಅಜ್ಜಿಗೂ ಅದೇ 1.2 ಬಂದರೆ ಬೇರೆ ಮಾತು. ವಯಸ್ಸು, ಲಿಂಗ ಸೇರಿಸಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಲೆಕ್ಕ ಹಾಕುವ ಇಜಿಎಫ್‌ಆರ್ ಎಂಬ ಅಂಕಿ ಹುಡುಗನಿಗೆ ಸುಮಾರು 84 ತೋರಿಸುತ್ತದೆ, ಅಜ್ಜಿಗೆ 49. ಮೂರು ತಿಂಗಳಿಗೂ ಮೇಲ್ಪಟ್ಟು 60ರ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ರೋಗ ಎನ್ನುತ್ತಾರೆ. 15ರ ಕೆಳಗೆ ಬಂದರೆ ಡಯಾಲಿಸಿಸ್ ಮಾತು ಶುರು.

ಕ್ರಿಯಾಟಿನಿನ್‌ಗೆ ಇನ್ನೊಂದು ಕೆಟ್ಟ ಗುಣವಿದೆ. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ಅಷ್ಟಾಗಿ ಕದಲದು. ಹಾಗಾಗಿ ಬರೀ ಇದನ್ನು ನೋಡಿ "ಕಿಡ್ನಿ ಛಲೋ ಐತಿ" ಎಂದು ಕೈ ತೊಳೆದುಕೊಳ್ಳಬೇಡಿ. ಹಿಂದಿನ ರಾತ್ರಿ ಸಾವಜಿ ಊಟದಲ್ಲಿ ಮಟನ್ ಹೊಡೆದು ಬಂದರೆ ಸ್ವಲ್ಪ ಏರಿ ಕಾಣುತ್ತದೆ, ಅದನ್ನೂ ಮುಚ್ಚಿಡದೆ ಹೇಳಿ.

ಕಿಡ್ನಿ ಹರಳು ಯಾಕೆ ಆಗುತ್ತದೆ? ಬಾಳೆದಿಂಡು, ಬಿಯರ್, ಎಷ್ಟು ನಿಜ?

ಮೂತ್ರ ಗಟ್ಟಿಯಾದಾಗ ಅದರಲ್ಲಿ ಕರಗಿದ್ದು ಹರಳುಗಟ್ಟುತ್ತದೆ. ಬಾವಿ ಉಪ್ಪುನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟುತ್ತದಲ್ಲ, ಹಾಗೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಸೂಕ್ಷ್ಮದರ್ಶಕದಲ್ಲಿ ನನಗೆ ದಿನಾ ಕಾಣುತ್ತವೆ: ಪುಟಾಣಿ ಚೌಕ, ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ, ಥೇಟ್ ಅಂಚೆ ಲಕೋಟೆಯ ಹಿಂಬದಿ. ಮೊದಲ ಸಲ ಕಂಡಾಗ ಯಾರೋ ಸ್ಕೇಲ್ ಇಟ್ಟು ಎಳೆದಿದ್ದಾರೆ ಅನಿಸಿತ್ತು. ಒಂದೆರಡು ಕಂಡರೆ ಹರಳಿದೆ ಎಂದೇನೂ ಅಲ್ಲ.

ಹರಳು ಕಿಡ್ನಿಯಲ್ಲಿ ಸುಮ್ಮನೆ ಕೂತಿದ್ದರೆ ಗೊತ್ತೇ ಆಗದು. ಮೂರ್ನಾಲ್ಕು ಮಿಲಿಮೀಟರಿನ ಆ ನಾಳಕ್ಕೆ ಇಳಿದಾಗ ಇದೆ ಹಬ್ಬ. ನಾಳ ಒತ್ತಿ ಒತ್ತಿ ಇಳಿಸಲು ನೋಡುತ್ತದೆ, ನೋವು ಅಲೆ ಅಲೆಯಾಗಿ ಬೆನ್ನಿನಿಂದ ತೊಡೆಸಂದಿಗೆ ಇಳಿಯುತ್ತದೆ. ಎರಡು ಹೆರಿಗೆ ಕಂಡ ಅಕ್ಕ ಒಬ್ಬರು "ಅದಾ ಪಾಡ್ರಿ ಇದಕ್ಕಿಂತ" ಎಂದದ್ದು ನೆನಪಿದೆ. 5 ಮಿಲಿಮೀಟರಿಗಿಂತ ಸಣ್ಣವು ಬಹುಪಾಲು ತಾವೇ ಬೀಳುತ್ತವೆ, ಕೆಲವು ವಾರ ಹಿಡಿಯಬಹುದು. ದೊಡ್ಡವಕ್ಕೆ ಹೊರಗಿನಿಂದ ಅಲೆ ಕೊಟ್ಟು ಪುಡಿ ಮಾಡುವುದು, ಒಳಗೆ ಸಣ್ಣ ಕೊಳವೆ ಹಾಕಿ ಲೇಸರಿನಿಂದ ಒಡೆಯುವುದು ಇದೆ. ಹರಳಿನ ನೋವಿನ ಜೊತೆ ಜ್ವರ ಬಂದರೆ ಕಾಯಬೇಡಿ, ಅದು ತುರ್ತು.

ಬಾಳೆದಿಂಡಿನ ರಸದಿಂದ ಇರುವ ದೊಡ್ಡ ಲಾಭ ಅದರ ಜೊತೆ ಹೊಟ್ಟೆಗೆ ಹೋಗುವ ನೀರು. ಬಿಯರ್ ಮೂತ್ರ ಹೆಚ್ಚಿಸುತ್ತದೆ, ಆದರೆ ಯೂರಿಕ್ ಆಮ್ಲವನ್ನೂ ಹೆಚ್ಚಿಸುತ್ತದೆ, ಅದರದ್ದೇ ಹರಳು ಬೇರೆ ಇದೆ. ಔಷಧಿ ಎಂದು ಕುಡಿಯುವವರು ಬೇರೆ ನೆಪ ಹುಡುಕಿಕೊಳ್ಳಲಿ. ಲಿಂಬಿಹಣ್ಣಿನ ಶರಬತ್ತು ನಿಜಕ್ಕೂ ಒಳ್ಳೆಯದು, ಅದರ ಸಿಟ್ರೇಟ್ ಹರಳು ಕಟ್ಟದಂತೆ ತಡೆಯುತ್ತದೆ. ಸಕ್ಕರೆ, ಉಪ್ಪು ಕಡಿಮೆ ಹಾಕಿ.

ಹಾಲು ಮೊಸರು ಬಿಡಬೇಕು ಎನ್ನುವುದು ತಪ್ಪು. ಊಟದ ಜೊತೆ ಮೊಸರು ಇದ್ದರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಲ್ಲೇ ಹಿಡಿದುಕೊಳ್ಳುತ್ತದೆ, ಕಿಡ್ನಿವರೆಗೆ ಬಿಡುವುದಿಲ್ಲ. ರೊಟ್ಟಿ, ರಾಜಗಿರಿ ಪಲ್ಯ, ಶೇಂಗಾ ಚಟ್ನಿಗೆ ಮೊಸರು ಹಾಕಿಕೊಳ್ಳುವ ನಮ್ಮ ರೂಢಿ ಸರಿಯಾಗಿಯೇ ಇದೆ. ರಾಜಗಿರಿ, ಪಾಲಕ್, ಶೇಂಗಾ ಆಕ್ಸಲೇಟ್ ಇರುವ ಪದಾರ್ಥಗಳು, ಹರಳಾದವರು ಮಿತಿ ಇಟ್ಟುಕೊಳ್ಳಿ. ಕಡಿಮೆ ಮಾಡಲೇಬೇಕಾದದ್ದು ಉಪ್ಪು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ.

ನಮ್ಮೂರ ಬೋರಿನ ನೀರಿನಿಂದಲೇ ಕಿಡ್ನಿ ಹಾಳಾಗುತ್ತದಾ?

ಹರಳಿನ ವಿಷಯದಲ್ಲಿ ಗಡಸು ನೀರಿಗಿಂತ ಕಡಿಮೆ ನೀರೇ ದೊಡ್ಡ ಕಾರಣ. ಫ್ಲೋರೈಡ್ ಮಾತು ಬೇರೆ. ನಮ್ಮ ಜಿಲ್ಲೆಯಲ್ಲಿ, ಮುಂಡರಗಿ ಕಡೆ ವಿಶೇಷವಾಗಿ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದು ಮೊದಲು ಕೆಡಿಸುವುದು ಹಲ್ಲು ಮತ್ತು ಮೂಳೆಯನ್ನು. ಆದರೆ ಮೈಗೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಕಿಡ್ನಿಯೇ. ಕಿಡ್ನಿ ಸೋತವರಲ್ಲಿ ಅದು ಇನ್ನೂ ಜಾಸ್ತಿ ಉಳಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ಊರಿನವರು ಕುಡಿಯಲು, ಅಡಿಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಬಿಪಿಗೂ ಕಿಡ್ನಿಗೂ ಏನು ಸಂಬಂಧ? ರಕ್ತ ಕಡಿಮೆ ಇದೆ ಎಂದರೂ ಕಿಡ್ನಿ ನೋಡಿಸಿ ಅಂತಾರೆ.

ಕಿಡ್ನಿಗೆ ಬರುವ ರಕ್ತ ಕಡಿಮೆಯಾಯಿತು ಅನಿಸಿದರೆ ಅದು ರೆನಿನ್ ಎಂಬ ರಾಸಾಯನಿಕ ಬಿಡುತ್ತದೆ, ಬಿಪಿ ಏರುತ್ತದೆ. ಬಿಪಿ ಏರಿದರೆ ಆ ಸಣ್ಣ ಸಿಂಬಿಗಳು ಗಡುಸಾಗಿ ಕೆಡುತ್ತವೆ. ಕೆಟ್ಟ ಕಿಡ್ನಿ ಮತ್ತೆ ಬಿಪಿ ಏರಿಸುತ್ತದೆ. ಇದು ಸುತ್ತುತ್ತಲೇ ಇರುವ ಗಾಣ. ಗುಳಿಗೆಯಿಂದ ಎಲ್ಲಾದರೂ ಒಂದು ಕಡೆ ನಿಲ್ಲಿಸಬೇಕು.

ಕೆಂಪು ರಕ್ತಕಣ ತಯಾರಿಸು ಎಂದು ಮೂಳೆಮಜ್ಜೆಗೆ ಹೇಳಿ ಕಳಿಸುವ ಎರಿತ್ರೋಪೊಯೆಟಿನ್ ಕೂಡ ಬಹುಪಾಲು ಕಿಡ್ನಿಯದ್ದೇ. ಕಿಡ್ನಿ ಸೋತರೆ ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ ಏರದಿರಬಹುದು. ವಿಟಮಿನ್ ಡಿ ಕೆಲಸಕ್ಕೆ ಬರುವಂತೆ ಕೊನೆಯ ಕೈ ಹಚ್ಚುವುದೂ ಇಲ್ಲೇ.

ಮೈಕೈ ನೋವಿನ ಗುಳಿಗೆ ದಿನಾ ತಗೋತೀನಿ. ತೊಂದರೆನಾ?

ತೊಂದರೆ. ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್, ಐಬುಪ್ರೊಫೆನ್ ಇವೆಲ್ಲ ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಬಿಗಿಯುತ್ತವೆ. ಒಂದೆರಡು ದಿನಕ್ಕೆ ಗಟ್ಟಿಮುಟ್ಟಾದವರಿಗೆ ಏನೂ ಆಗದು. ಆದರೆ ಬಿಸಿಲಲ್ಲಿ ಶೇಂಗಾ ಕಿತ್ತು, ನೀರು ಸಾಕಾಗದೆ, ಮೇಲೆ ಬಿಪಿ ಗುಳಿಗೆಯೂ ಇದ್ದು, ಸಂಜೆ ಕಿರಾಣಿ ಅಂಗಡಿಯಲ್ಲಿ ಬಿಡಿ ಗುಳಿಗೆ ಕೊಂಡು ನುಂಗಿದರೆ ಒಂದೇ ವಾರದಲ್ಲಿ ಕ್ರಿಯಾಟಿನಿನ್ ಏರಿದ್ದನ್ನು ನೋಡಿದ್ದೇನೆ. ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಇದಕ್ಕಿಂತ ಮೇಲು. ಹೆಸರಿಲ್ಲದ ಪೊಟ್ಟಣದ ಭಸ್ಮ, ಪುಡಿಗಳಿಂದ ದೂರ ಇರಿ, ಪಾದರಸ ಸೀಸ ಇರುವ ಭಸ್ಮಗಳು ಕಿಡ್ನಿಯನ್ನೇ ತಿನ್ನುತ್ತವೆ.

ಅಪ್ಪ ರಾತ್ರಿ ನಾಲ್ಕು ಸಲ ಏಳುತ್ತಾರೆ. ವಯಸ್ಸಾಯ್ತು ಅಂತ ಬಿಡೋದಾ?

ಬಿಡಬೇಡಿ. ಅರವತ್ತು ದಾಟಿದ ಗಂಡಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿರುತ್ತದೆ. ಅದು ಮೂತ್ರದ ದಾರಿಯ ಸುತ್ತಲೇ ಕೂತಿರುವುದರಿಂದ ಧಾರೆ ಸಣ್ಣದಾಗಿ, ಚೀಲ ಪೂರ್ತಿ ಖಾಲಿಯಾಗದೆ ಮತ್ತೆ ಮತ್ತೆ ಏಳಬೇಕಾಗುತ್ತದೆ. ಶುಗರ್ ಇರಬಹುದು. ಹಗಲು ಕಾಲಿಗೆ ಇಳಿದ ಬಾವಿನ ನೀರು ಮಲಗಿದಾಗ ರಕ್ತಕ್ಕೆ ವಾಪಸ್ ಬರುತ್ತಿರಬಹುದು. ಎಂಟು ಗಂಟೆಯ ಚಹಾ ನಿಲ್ಲಿಸಿ ನೋಡಿ. ಚೀಲ ತುಂಬಿ ಹೊಟ್ಟೆ ಬಿಗಿದು ಹನಿಯೂ ಬರದಿದ್ದರೆ ಬೆಳಗಾಗುವವರೆಗೆ ಕಾಯಬಾರದು.

ಮಗ ಇನ್ನೂ ಹಾಸಿಗೆಯಲ್ಲೇ ಮಾಡಿಕೊಳ್ಳುತ್ತಾನೆ.

ಐದಾರು ವರ್ಷದವರೆಗೆ ಸಹಜ. ಬೈಯಬೇಡಿ. ನಿಮ್ಮ ಅತ್ತೆಯನ್ನು ಕೇಳಿ ನೋಡಿ, ಅವನ ಅಪ್ಪನೂ ಹಾಗೇ ಇದ್ದಿರಬಹುದು, ಇದು ವಂಶದಲ್ಲಿ ಬರುತ್ತದೆ.

ಒಂದೇ ಕಿಡ್ನಿಯಲ್ಲಿ ಬದುಕಬಹುದಾ?

ಆರಾಮಾಗಿ. ಸಾವಿರಕ್ಕೊಬ್ಬರು ಹುಟ್ಟುವಾಗಲೇ ಒಂದು ಕಿಡ್ನಿಯವರು. ಎಷ್ಟೋ ಜನರಿಗೆ ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗುತ್ತದೆ. ಇರುವ ಒಂದು ಸ್ವಲ್ಪ ದಪ್ಪವಾಗಿ ಎರಡರ ಕೆಲಸ ಹೊರುತ್ತದೆ.

ಡಯಾಲಿಸಿಸ್ ಶುರು ಮಾಡಿದರೆ ಮುಗಿಯಿತು ಅಂತಾರಲ್ಲ?

ಮುಗಿಯಿತು ಎನ್ನುವವರು ನಮ್ಮ ಲ್ಯಾಬಿಗೆ ಬರುವ ಮೇಷ್ಟ್ರನ್ನು ನೋಡಬೇಕು. ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ಮಷೀನಿಗೆ ಕೂತು, ಉಳಿದ ದಿನ ಪಾಠ ಹೇಳುತ್ತಾರೆ. ಮೊದಲ ಡಯಾಲಿಸಿಸ್ ಯಂತ್ರವನ್ನು ವಿಲೆಮ್ ಕಾಲ್ಫ್ ಎಂಬ ಡಾಕ್ಟರು 1943ರಲ್ಲಿ, ಯುದ್ಧದ ನಡುವೆ ನೆದರ್ಲೆಂಡ್ಸ್‌ನಲ್ಲಿ ಕಟ್ಟಿದರು. ರಕ್ತವನ್ನು ತೆಳ್ಳನೆ ಪೊರೆಯ ಒಂದು ಕಡೆ, ಶುದ್ಧ ದ್ರವವನ್ನು ಇನ್ನೊಂದು ಕಡೆ ಹರಿಸಿದರೆ ಕಸ ಆಚೆಗೆ ದಾಟುತ್ತದೆ. ಕಿಡ್ನಿಯ ಕೆಲಸದಲ್ಲಿ ಒಂದು ಪಾಲನ್ನಷ್ಟೇ ಅದು ಮಾಡಬಲ್ಲದು. ವಾರದ 168 ಗಂಟೆಯ ದುಡಿಮೆಯನ್ನು 12 ಗಂಟೆಗೆ ಇಳಿಸಿದರೆ ಇನ್ನೇನಾದೀತು? ಅದಕ್ಕೇ ನೀರು, ಉಪ್ಪು, ಪೊಟ್ಯಾಸಿಯಂಗೆ ಅಷ್ಟು ಕಟ್ಟುನಿಟ್ಟು. ಎಳನೀರು, ಬಾಳೆಹಣ್ಣು, ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವ ಪೊಟ್ಟಣ, ಇವುಗಳ ಪೊಟ್ಯಾಸಿಯಂ ಅವರ ಹೃದಯ ನಿಲ್ಲಿಸಬಹುದು.

ಮೇಷ್ಟ್ರ ಎಡಗೈಯಲ್ಲಿ, ಡಯಾಲಿಸಿಸ್ ಸೂಜಿ ಹಾಕಲೆಂದು, ರಕ್ತನಾಳ ಎರಡನ್ನು ಸೇರಿಸಿ ಹೊಲಿದ ಫಿಸ್ಟುಲಾ ಇದೆ. ಮೇಲೆ ಬೆರಳಿಟ್ಟರೆ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ ಜುಂ ಎನ್ನುತ್ತದೆ. ಆ ಗುರುಗುಟ್ಟುವಿಕೆ ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಯಿಂದ ರಕ್ತ ತೆಗೆಯಬಾರದು, ಬಿಪಿ ಪಟ್ಟಿ ಕಟ್ಟಬಾರದು, ಭಾರ ಹೊರಬಾರದು. ನಾನು ಮರೆತರೂ ಇರಲಿ ಎಂದು ಅವರೇ ಬಲಗೈ ಚಾಚಿಕೊಂಡು ಒಳಗೆ ಬರುತ್ತಾರೆ.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿಎಲ್ ಕುಟುಂಬದವರಿಗೆ ಇದು ಉಚಿತ. ಕಾರ್ಡ್ ತಗೊಂಡು ಹೋಗಿ.

ಬೇರೆ ಕಿಡ್ನಿ ಹಾಕುವಾಗ ಹಳೆಯದನ್ನು ತೆಗೆಯುತ್ತಾರಾ?

ಸಾಮಾನ್ಯವಾಗಿ ಇಲ್ಲ. ಹೊಸದನ್ನು ಹೊಟ್ಟೆಯ ಕೆಳಭಾಗದಲ್ಲಿ, ತೊಡೆಸಂದಿಯ ಮೇಲೆ ಕೂರಿಸುತ್ತಾರೆ. ಅಲ್ಲಿ ದೊಡ್ಡ ರಕ್ತನಾಳವೂ ಮೂತ್ರಚೀಲವೂ ಹತ್ತಿರ. ಮೊದಲ ಯಶಸ್ವಿ ಕಸಿ ಆದದ್ದು 1954ರಲ್ಲಿ ಬಾಸ್ಟನ್‌ನಲ್ಲಿ, ಅವಳಿ ಅಣ್ಣತಮ್ಮಂದಿರ ನಡುವೆ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ. ಅಂಗ ಮಾರಾಟ 1994ರ ಕಾನೂನಿನ ಪ್ರಕಾರ ಅಪರಾಧ. ನಮ್ಮ ರಾಜ್ಯದಲ್ಲಿ ಮೆದುಳು ನಿಷ್ಕ್ರಿಯರಾದವರ ಅಂಗದಾನದ ಸರತಿಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ.

ಮೂತ್ರದ ಸ್ಯಾಂಪಲ್ ಹೇಗೆ ಕೊಡಬೇಕು?

ಮೊದಲು ಸ್ವಲ್ಪ ಬಿಟ್ಟು, ನಡುವಿನ ಧಾರೆಯನ್ನು ಡಬ್ಬಿಯಲ್ಲಿ ಹಿಡಿದು, ಕೊನೆಯದನ್ನು ಮತ್ತೆ ಬಿಟ್ಟುಬಿಡಿ. ಹೆಂಗಸರು ತೊಳೆದುಕೊಂಡು ಹಿಡಿಯಿರಿ, ಮುಟ್ಟಿನ ದಿನಗಳಿದ್ದರೆ ಹೇಳಿ. ಒಂದು ಗಂಟೆಯೊಳಗೆ ಕೊಟ್ಟರೆ ಛಲೋ. ಬೆಳಗಿನ ಐದಕ್ಕೆ ಹಿಡಿದು, ಬಿಸಿಲಲ್ಲಿ ಚೀಲದಲ್ಲಿಟ್ಟು ಹನ್ನೊಂದಕ್ಕೆ ತಂದರೆ ಅದರಲ್ಲಿ ಬ್ಯಾಕ್ಟೀರಿಯಾ ಜಾತ್ರೆ ನಡೆದಿರುತ್ತದೆ.

ಡಬ್ಬಿ ಮನೆಯಿಂದ ತರಬೇಡಿ. ಶಿರಹಟ್ಟಿ ಕಡೆಯ ಕಾಕಾ ಒಬ್ಬರು ಬಲು ಶಿಸ್ತಿನಿಂದ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿ ಸ್ಯಾಂಪಲ್ ತಂದಿದ್ದರು. ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿದೆ, ಅದರಲ್ಲಿ ಸಕ್ಕರೆಯ ಚೌಕ ಗಾಢ ಕಂದು. ಅವರಿಗೆ ಶುಗರ್ ಇಲ್ಲ, ಸಕ್ಕರೆಯನ್ನು ಮೂತ್ರಕ್ಕೆ ಬಿಡುವ ಆ ಗುಳಿಗೆಯೂ ಇಲ್ಲ. ಎರಡನೇ ಪಟ್ಟಿ ಅದ್ದಿದರೂ ಅದೇ. ಆಗ ಡಬ್ಬಿ ತಿರುಗಿಸಿ ನೋಡಿದೆ. ಬೇಸಿಗೆಯಲ್ಲಿ ಮೊಮ್ಮಗನಿಗೆ ತಂದ ಗ್ಲೂಕೋಸ್ ಪುಡಿಯ ಡಬ್ಬಿ. "ತೊಳದೇನ್ರಿ, ಎರಡ್ ಸಲ ತೊಳದೇನಿ" ಎಂದರು ಪಾಪ. ನಮ್ಮ ಡಬ್ಬಿ ಕೊಟ್ಟು, ಒಂದು ಗ್ಲಾಸ್ ನೀರು ಕುಡಿಸಿ, ಅರ್ಧ ಗಂಟೆ ಕೂರಿಸಿದೆವು. ಸಕ್ಕರೆ ನಿಲ್ ಬಂತು. ಡಬ್ಬಿ ಕಿಟಕಿಯ ಎಡಗಡೆಯ ಬುಟ್ಟಿಯಲ್ಲಿರುತ್ತದೆ, ಕೇಳಿ ತಗೊಳ್ಳಿ.